ಹತ್ತಿರದ ವೈದ್ಯರೆಂಬುದೊಂದೇ ಸಾಲದು
ಸಣ್ಣ ನಾಯಿಗೆ ಮನೆಯ ಹತ್ತಿರದ ಪಶುವೈದ್ಯರೇ ಸಾಕು ಎಂಬ ಲೇಖನದ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ರಾಯಚೂರು ಭಾಗದ ಪಶು ಆಸ್ಪತ್ರೆಗಳಿಗೆ ಹೆಚ್ಚಾಗಿ ಬರುವುದು ಎತ್ತು, ಎಮ್ಮೆ, ಕುರಿಗಳು. ಅಲ್ಲಿನ ವೈದ್ಯರ ಅನುಭವ ದೊಡ್ಡದೇ ಆದರೂ, 3 ಕಿಲೋ ತೂಗುವ ಪೊಮೆರೇನಿಯನ್‌ಗೆ ಔಷಧಿ ತುಸು ಹೆಚ್ಚಾದರೂ ಅಪಾಯವಾಗಬಹುದಾದ್ದರಿಂದ, ಇಂಜೆಕ್ಷನ್‌ಗೆ ಮುಂಚೆ ನಾಯಿಯ ತೂಕ ನೋಡುತ್ತಾರೆಯೇ ಎಂಬುದನ್ನೇ ನಾನು ಮೊದಲು ಗಮನಿಸುತ್ತೇನೆ. ಸಣ್ಣ ನಾಯಿಗಳಿಗೆ ಹಲ್ಲು, ಮಂಡಿಯ ತೊಂದರೆ ಹೆಚ್ಚು; ಹಾಗಾಗಿ ತುಟಿ ಎತ್ತಿ ಹಲ್ಲು, ವಸಡು ನೋಡುವವರು, ಹಿಂಗಾಲಿನ ಮಂಡಿಚಿಪ್ಪು ಜಾರುತ್ತದೆಯೇ ಎಂದು ಬೆರಳಿನಿಂದ ಒತ್ತಿ ಪರೀಕ್ಷಿಸುವವರು ಸಣ್ಣ ತಳಿಗಳನ್ನು ಬಲ್ಲವರು. ಚಪ್ಪಟೆ ಮೂತಿಯಿಂದಾಗಿ ಉಸಿರಾಟಕ್ಕೆ ಕಷ್ಟಪಡುವ ಪಗ್ ನಾಯಿ ಸಾಕಿದವರಂತೂ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದಕ್ಕೆ ಉಸಿರು ಕಟ್ಟಿದರೆ ಆಮ್ಲಜನಕ ಕೊಡುವ ವ್ಯವಸ್ಥೆ ಅಲ್ಲಿದೆಯೇ, ರಾತ್ರಿ ಕರೆದರೆ ವೈದ್ಯರು ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.