ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಹಾಕಿದ್ರೆ ಮೈಲೇಜ್ ಏರುತ್ತಾ? ಸತ್ಯಾಂಶ
ಮ್ಯಾಗ್ನೆಟ್ ಹಾಕಿದ್ರೆ ಪೆಟ್ರೋಲ್ ಕಣಗಳು ಬಿಡಿಬಿಡಿಯಾಗಿ ಪೂರ್ತಿ ಉರಿಯುತ್ತೆ, ಮೈಲೇಜ್ ಏರುತ್ತೆ ಅನ್ನೋ ಫಾರ್ವರ್ಡ್ ಮತ್ತೆ ಓಡಾಡ್ತಿದೆ. ನಿಜ ಅಲ್ಲ. ಪೆಟ್ರೋಲ್ ಕಬ್ಬಿಣದ ಥರ ಮ್ಯಾಗ್ನೆಟ್‌ಗೆ ಎಳೆಯೋ ವಸ್ತು ಅಲ್ಲ, ಅದರಲ್ಲಿ ಬಿಡಿಸೋಕೆ ಯಾವ ಗಂಟೂ ಇರಲ್ಲ, ಸಣ್ಣ ಹನಿ ಮಾಡೋ ಕೆಲಸಾನ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಪ್ರೆಶರ್‌ನಿಂದಲೇ ಮಾಡುತ್ತೆ. ಅದಕ್ಕಿಂತ ಮುಖ್ಯವಾಗಿ, ಕಂಡೀಷನ್ ಚೆನ್ನಾಗಿರೋ ಈಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಹೆಚ್ಚುಕಮ್ಮಿ ಪೂರ್ತಿ ಉರಿದೇ ಹೋಗುತ್ತೆ, ನಷ್ಟ ಆಗೋದು ಬಿಸಿ ರೂಪದಲ್ಲಿ, ರೇಡಿಯೇಟರ್ ಸೈಲೆನ್ಸರ್ ಮೂಲಕ, ಅದನ್ನ ಯಾವ ಮ್ಯಾಗ್ನೆಟ್ಟೂ ತಡೆಯಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1980ರ ದಶಕದಲ್ಲೇ ಇಂಥವನ್ನ ಟೆಸ್ಟ್ ಮಾಡಿತ್ತು, ಮೈಲೇಜ್ ಏರಲಿಲ್ಲ. ಮ್ಯಾಗ್ನೆಟ್ ಹಾಕ್ಸಿ ಮೈಲೇಜ್ ಏರಿತು ಅನ್ನೋರು ಸುಳ್ಳು ಹೇಳ್ತಾರೆ ಅಂತಲ್ಲ, ಮೀಟರ್ ಮೇಲೆ ಕಣ್ಣಿಟ್ಟಾಗ ಆಕ್ಸಿಲರೇಟರ್ ತಾನಾಗೇ ಮೆತ್ತಗೆ ಒತ್ತುತ್ತೀವಿ, ಟೈರ್ ಗಾಳೀನೂ ಚೆಕ್ ಮಾಡ್ತೀವಿ, ಏರಿದ್ದು ಅದರಿಂದ.