ಕಲಿಕೆಯೆಲ್ಲ ಅನುಬಂಧನವೇ?

ಪರ

ಎಲ್ಲ ಕಲಿಕೆಯೂ ಅನುಬಂಧನವೇ ಎಂಬುದು ನನ್ನ ವಾದ. ಅನುಬಂಧನವೆಂದರೆ ಒಂದು ಸೂಚನೆ ಅದರ ಬೆನ್ನಿಗೆ ಬರುವುದಕ್ಕೆ, ಅಥವಾ ಒಂದು ವರ್ತನೆ ಅದರ ಫಲಕ್ಕೆ ಗಂಟುಬೀಳುವುದು. ರಷ್ಯದ ವಿಜ್ಞಾನಿ ಪಾವ್ಲೋವ್ ನಾಯಿಯ ಜೊಲ್ಲು ಎಲ್ಲರಿಗೂ ಬಾಯಿಪಾಠ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ತಾಳ ಹಾಕುವ ಮೆಟ್ರೋನೋಮ್ ಯಂತ್ರದ ಸದ್ದು ಮೊದಲು, ಅದರ ಬೆನ್ನಿಗೇ ಆಹಾರ. ಕ್ರಮ ಹಿಂದುಮುಂದಾದರೆ ಆ ಸದ್ದಿಗೆ ಜೊಲ್ಲು ಸುರಿಯುವುದು ಕಷ್ಟ. ಕಲಿಕೆಯನ್ನು ಹೀಗೆ ಹೊರಗೆ ಕಾಣುವ ವರ್ತನೆಯಿಂದಲೇ ವಿವರಿಸುವ ವರ್ತನಾವಾದವನ್ನು ಬೈಯುವವರಲ್ಲಿ ಹೆಚ್ಚಿನವರು ಹೊತ್ತು ತಪ್ಪಿ ಕೈಸುಟ್ಟುಕೊಂಡವರು.

ನಾಯಿಗೆ ಚಾಪೆಯ ಮೇಲೆ ಮಲಗುವುದನ್ನು ಕಲಿಸಬೇಕೆನ್ನಿ. ಮೊದಲು ಕ್ಲಿಕ್ಕರ್ (ಒತ್ತಿದರೆ ಟಿಕ್ ಎನ್ನುವ ಪುಟ್ಟ ಸಾಧನ) ಒತ್ತಿ, ತಕ್ಷಣ ಬಟಾಣಿ ಗಾತ್ರದ ತಿನಿಸು ಕೊಡಿ. ಹೀಗೆ ಹದಿನೈದಿಪ್ಪತ್ತು ಸಲ. ಸದ್ದು ಕೇಳಿದೊಡನೆ ತಿನಿಸಿಗಾಗಿ ತಿರುಗಿತೆಂದರೆ ಸದ್ದಿಗೆ ಬೆಲೆ ಬಂತು. ಇಲ್ಲಿಯವರೆಗೆ ಪಾವ್ಲೋವ್, ಇನ್ನು ಮುಂದೆ, ಫಲ ಕೊಟ್ಟು ವರ್ತನೆ ರೂಪಿಸುವುದನ್ನು ಅಧ್ಯಯನ ಮಾಡಿದ ಸ್ಕಿನ್ನರ್. ಚಾಪೆಯತ್ತ ನೋಡಿದರೆ ಕ್ಲಿಕ್. ಅದು ರೂಢಿಯಾದ ಮೇಲೆ ಹೆಜ್ಜೆ ಇಟ್ಟರೆ ಮಾತ್ರ, ಆಮೇಲೆ ಚಾಪೆಯ ಮೇಲೆ ನಿಂತರೆ ಮಾತ್ರ, ಕೊನೆಗೆ ಹೊಟ್ಟೆ ಚಾಪೆಗೆ ತಾಗಿದರೆ ಮಾತ್ರ. ಎರಡು ಮೂರು ಸಲ ಎಡವಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಐದು ನಿಮಿಷಕ್ಕೆ ಪಾಠ ಸಾಕು. ಕ್ಲಿಕ್ ಎರಡು ಸೆಕೆಂಡು ತಡವಾಗಿ, ಅಷ್ಟರಲ್ಲಿ ನಾಯಿ ಎದ್ದಿದ್ದರೆ, ನೀವು ಕಲಿಸಿದ್ದು ಏಳುವುದನ್ನು. ನಾಯಿ ಮೊಂಡಲ್ಲ, ನಿಮ್ಮ ಹೆಬ್ಬೆರಳು ನಿಧಾನ.

ಮಕ್ಕಳ ಹಟಕ್ಕೂ ಇದೇ ಲೆಕ್ಕ. ಅತ್ತಾಗಲೆಲ್ಲ ಮೊಬೈಲ್ ಕೊಡುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಅಳು ಮೊದಲು ಏರುವುದುಂಟು. ಆರುವ ದೀಪ ಜೋರಾಗಿ ಉರಿಯುತ್ತದಲ್ಲ, ಹಾಗೆ. ಹತ್ತನೇ ನಿಮಿಷಕ್ಕೆ ಮನಸೋತು ಕೊಟ್ಟಿರೋ, ಮಗು ಕಲಿತದ್ದು ಹತ್ತು ನಿಮಿಷ ಅಳುವುದನ್ನು. ಒಮ್ಮೆ ಕೊಟ್ಟು ಇನ್ನೊಮ್ಮೆ ಬಿಡುವುದು ಇನ್ನೂ ಕೆಟ್ಟದ್ದು: ಪ್ರತಿಸಲ ಫಲ ಸಿಕ್ಕ ಅಭ್ಯಾಸಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಕ್ಕಿ ಬೆಳೆದ ಅಭ್ಯಾಸ ಅಳಿಯಲು ಹೆಚ್ಚು ಕಾಲ ಹಿಡಿಯುತ್ತದೆ. ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಕೊಕ್ಕಿನೇಟು ಎಣಿಸಿ ಇಂಥ ಪುನರ್ಬಲನದ ಅನುಸೂಚಿಗಳನ್ನು (ಫಲ ಯಾವಾಗ, ಎಷ್ಟು ಸಲಕ್ಕೊಮ್ಮೆ ಎಂಬ ಕ್ರಮಗಳನ್ನು) 1957ರಲ್ಲೇ ದಾಖಲಿಸಿದ್ದಾರೆ.

ಇಷ್ಟಾದ ಮೇಲೂ ಕೆಲವರು, ಭಾಷೆಯ ಬಗ್ಗೆ ಸ್ಕಿನ್ನರ್ ಹೇಳಿದ್ದನ್ನು 1959ರಲ್ಲಿ ಟೀಕಿಸಿದ ಭಾಷಾವಿಜ್ಞಾನಿ ಚಾಮ್‌ಸ್ಕಿಯನ್ನು ಎಳೆದು ತಂದು ‘ಹಾಗಾದರೆ ಭಾಷೆ?’ ಎನ್ನುತ್ತಾರೆ. ಹುಟ್ಟುವಾಗಲೇ ತಲೆಯೊಳಗೊಬ್ಬ ವ್ಯಾಕರಣದ ಮೇಷ್ಟ್ರನ್ನು ಕೂರಿಸಿದರೆ ಮುಗಿಯಿತೆ? ಆ ಮೇಷ್ಟ್ರಿಗೆ ಕಲಿಸಿದವರು ಯಾರು?

ವಿರೋಧ

ಚಾಪೆಯ ಪಾಠದಲ್ಲಿ ನಾನು ತಿದ್ದುವಂಥದ್ದೇನೂ ಇಲ್ಲ, ಹಾಗೆಯೇ ಕಲಿಸಬೇಕು. ವಿರೋಧದ ಪಾಲು ನನಗೆ ಬಂದಿದೆ. ‘ಎಲ್ಲ ಕಲಿಕೆಯೂ’ ಎಂಬ ಮಾತಿಗಷ್ಟೇ ನನ್ನ ತಕರಾರು. ಭಾಷೆಯ ಜಗಳ ಇಷ್ಟು ಜಾಗದಲ್ಲಿ ಮುಗಿಯುವಂಥದ್ದಲ್ಲ. ಇಲಿಗಳೇ ಸಾಕು.

1930ರಲ್ಲಿ ಮನೋವಿಜ್ಞಾನಿಗಳಾದ ಟೋಲ್ಮನ್ ಮತ್ತು ಹೋನ್ಜಿಕ್ ಒಂದು ಗುಂಪಿನ ಇಲಿಗಳನ್ನು ಹತ್ತು ದಿನ ಆಹಾರವಿಡದ ಜಟಿಲ ದಾರಿಗಳಲ್ಲಿ ಓಡಾಡಿಸಿ, ಹನ್ನೊಂದನೇ ದಿನ ತುದಿಯಲ್ಲಿ ಆಹಾರ ಇಟ್ಟರು. ಮರುದಿನವೇ ಅವುಗಳ ತಪ್ಪುಗಳು ಮೊದಲಿನಿಂದ ಆಹಾರ ಪಡೆದ ಇಲಿಗಳ ಮಟ್ಟಕ್ಕೆ ಇಳಿದವು. ದಾರಿ ಆಗಲೇ ಗೊತ್ತಿತ್ತು, ಓಡಲು ಕಾರಣವಿರಲಿಲ್ಲ.

ಗಾರ್ಸಿಯಾ ಮತ್ತು ಕೋಲಿಂಗ್ 1966ರಲ್ಲಿ ಕುಡಿಯುವ ನೀರಿಗೆ ರುಚಿ, ಬೆಳಕು, ಸದ್ದು ಮೂರನ್ನೂ ಜೋಡಿಸಿದರು. ಕುಡಿದ ಮೇಲೆ ಕಾಯಿಲೆ ಬಿದ್ದ ಇಲಿಗಳು ರುಚಿಯನ್ನು ದೂರವಿಟ್ಟವು, ವಿದ್ಯುತ್ ಆಘಾತ ತಿಂದವು ಬೆಳಕು-ಸದ್ದನ್ನು. ಯಾವುದಕ್ಕೆ ಯಾವುದನ್ನು ಬೇಕಾದರೂ ಗಂಟುಹಾಕಬಹುದು ಎಂಬುದು ಅಲ್ಲಿಗೆ ಸಡಿಲವಾಯಿತು. ರುಚಿಯ ವಿಷಯದಲ್ಲಂತೂ ಗಂಟೆ ಕಳೆದು ಕಾಯಿಲೆಯಾದರೂ ಕಲಿಕೆ ಆಗಿಯೇ ಆಗುತ್ತದೆ. ಹೆಬ್ಬೆರಳಿನ ವೇಗ ಅಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಹೊತ್ತು ಸರಿಯಾಗಿದ್ದೂ ಕಲಿಕೆ ಆಗದಿರುವ ಉದಾಹರಣೆ ಮನೋವಿಜ್ಞಾನಿ ಕಾಮಿನ್ ಅವರದು. ಸದ್ದಿನ ನಂತರ ಆಘಾತ ಬರುತ್ತದೆಂದು ಇಲಿ ಚೆನ್ನಾಗಿ ಕಲಿತ ಮೇಲೆ, ಸದ್ದಿನ ಜೊತೆಗೇ ಬೆಳಕನ್ನೂ ಸೇರಿಸಿ ಅದೇ ಆಘಾತ ಕೊಟ್ಟರು. ಆಮೇಲೆ ಬೆಳಕನ್ನಷ್ಟೇ ತೋರಿಸಿದಾಗ ಇಲಿ ಹೆದರಿದ್ದು ತೀರಾ ಕಡಿಮೆ. ಬರಲಿರುವುದನ್ನು ಸದ್ದು ಮೊದಲೇ ಹೇಳಿಬಿಟ್ಟಿತ್ತು, ಬೆಳಕಿಗೆ ಹೇಳಲು ಹೊಸ ಸುದ್ದಿ ಉಳಿದಿರಲಿಲ್ಲ.