ಏಳು ಮಾತ್ರೆ ಉಳಿದಿದ್ದವು

ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಏಳು ಮಾತ್ರೆ. ಲೆಕ್ಕದ ಪ್ರಕಾರ ಒಂದೂ ಉಳಿಯಬಾರದಿತ್ತು. ಎದುರಿಗೆ ಕೂತವಳ ಮಡಿಲಲ್ಲಿ ಎರಡು ತಿಂಗಳ ಕೂಸು ಮಲಗಿತ್ತು. "ಯಾಕಮ್ಮ, ಮರೆತುಬಿಟ್ಯಾ?" ಅಂದೆ. ಅವಳು ತಲೆ ಎತ್ತದೆ ಹೇಳಿದಳು, "ಮರೆತಿಲ್ಲ ಮೇಡಂ. ಆ ದಿನ ಊಟ ಆಗಿರಲಿಲ್ಲ."

ಎಚ್‌ಐವಿ ಇರುವ ತಾಯಂದಿರಿಗೆ ಕೌನ್ಸೆಲಿಂಗ್ ಮಾಡುತ್ತಿದ್ದ ಕಾಲದ ಮಾತಿದು. ಆ ಏಳು ಮಾತ್ರೆ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಯಾಕಂದ್ರೆ ಅವಳ ಕಾರ್ಡಿನಲ್ಲಿ ನಾನು ಆಗಲೇ 'ಸರಿಯಾಗಿ ಔಷಧಿ ತಗೊಳ್ಳುತ್ತಿಲ್ಲ' ಅಂತ ಬರೆದಾಗಿತ್ತು. ಉತ್ತರ ಬರುವ ಮೊದಲೇ!

ಖಾಲಿ ಹೊಟ್ಟೆಗೆ ಮಾತ್ರೆ ನುಂಗಬಾರದು ಅಂತ ಎಲ್ಲರೂ ನಂಬಿರುತ್ತಾರೆ. ಈಗ ಎಚ್‌ಐವಿಗೆ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇರುವ ಮಾತ್ರೆಗೆ ಊಟ ಕಡ್ಡಾಯವಲ್ಲ, ಉಪವಾಸ ಇದ್ದರೂ ನುಂಗಬಹುದು. ಇದನ್ನು ಬಿಡಿಸಿ ಹೇಳಿದರೆ ಅರ್ಧ ಸಮಸ್ಯೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಗರ್ಭಿಣಿಗೆ, ಬಾಣಂತಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತೇವಲ್ಲ? ಅವನ್ನು ಡೊಲುಟೆಗ್ರಾವಿರ್ ಜೊತೆ ಖಾಲಿ ಹೊಟ್ಟೆಗೆ ಒಟ್ಟಿಗೆ ನುಂಗಿದರೆ ಎಚ್‌ಐವಿ ಔಷಧಿ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಊಟದ ಜೊತೆ ಆದರೆ ಒಟ್ಟಿಗೆ ತಗೊಳ್ಳಬಹುದು. ಊಟ ಇಲ್ಲದಿದ್ದರೆ ಡೊಲುಟೆಗ್ರಾವಿರ್ ನುಂಗಿ 2 ಗಂಟೆ ಆದ ಮೇಲೆ ಉಳಿದವು, ಇಲ್ಲವೇ ಅವನ್ನು ಮೊದಲು ನುಂಗಿದ್ದರೆ 6 ಗಂಟೆ ಕಾಯಬೇಕು. ಹೊಟ್ಟೆ ತುಂಬಿದವಳಿಗೆ ಒಂದೇ ಗುಟುಕಿನಲ್ಲಿ ಮುಗಿಯುವ ಕೆಲಸ, ಹಸಿದವಳಿಗೆ ಗಡಿಯಾರ ನೋಡಿಕೊಂಡು ಮಾಡಬೇಕಾದ ಲೆಕ್ಕ.

ಇನ್ನೊಂದು ವಿಚಾರವನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. "ಮಾತ್ರೆ ಶುರು ಮಾಡಿದ ಮೇಲೆ ಹಸಿವು ಜಾಸ್ತಿ ಆಗಿದೆ." ಡಾಕ್ಟರಿಗೆ ಇದು ಒಳ್ಳೆ ಸುದ್ದಿ, ಸೊರಗಿದ್ದ ಮೈ ಚೇತರಿಸಿಕೊಳ್ಳುತ್ತಿದೆ ಅಂತ. ಪಾತ್ರೆಯಲ್ಲಿ ಏನೂ ಇಲ್ಲದವಳಿಗೆ ಅದೇ ಶಿಕ್ಷೆ. ಹಸಿವು ತಡೆಯಲಾಗದೆ ಮಾತ್ರೆ ಬಿಟ್ಟವರಿಗೆ ನಾವು ಕೊಡುವ ಹೆಸರು 'ಅಸಡ್ಡೆ'.

ಎದೆಹಾಲಿನ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ ಅಂತ ಹೇಳಿ ಕಳಿಸುತ್ತೇವೆ. ಸಲಹೆ ಸರಿಯಾದದ್ದೇ. ಆದರೆ ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕು. ಇದರ ಮೇಲೆ ಎಚ್‌ಐವಿಯ ಖರ್ಚು ಬೇರೆ. ಲಕ್ಷಣಗಳೇನೂ ಕಾಣಿಸದಿದ್ದರೂ ಮಾಮೂಲಿಗಿಂತ ಶೇ 10ರಷ್ಟು, ಕಾಯಿಲೆ ಕಾಣಿಸಿಕೊಂಡರೆ ಶೇ 20ರಿಂದ 30ರಷ್ಟು ಜಾಸ್ತಿ ಶಕ್ತಿ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ತಳ ಕೆರೆದು ತಿನ್ನುವವಳಿಗೆ ಇದನ್ನು ಹೇಳೋದು ಹೇಗೆ?

ನಿಜ ಏನಂದ್ರೆ, ತೀರಾ ಬಡಕಲಾಗದ ಹೊರತು ಅರೆಹೊಟ್ಟೆಯ ತಾಯಿಗೂ ಮಗುವಿಗೆ ಸಾಕಾಗುವಷ್ಟು ಹಾಲು ಬರುತ್ತದೆ. ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿ ಹಾಲು ಮಾಡುತ್ತದೆ. ತೂಕ ಇಳಿಯೋದು ಅವಳದ್ದು. ಆದರೆ "ನಾನೇ ಉಂಡಿಲ್ಲ, ಇನ್ನು ಹಾಲು ಎಲ್ಲಿಂದ ಬರಬೇಕು" ಅನ್ನುವ ಭಯ ಇದೆಯಲ್ಲ, ಅದು ಯಾವ ಪುಸ್ತಕಕ್ಕೂ ಬಗ್ಗುವುದಿಲ್ಲ. ಕೂಸು ರಾತ್ರಿ ಅತ್ತರೆ ಸಾಕು, ಒಂದು ಚಮಚ ನೀರು, ಒಂದಿಷ್ಟು ಗಂಜಿ ಬಾಯಿಗೆ ಹೋಗುತ್ತದೆ.

ಆ ಚಮಚ ಸಣ್ಣದಲ್ಲ. ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್‌ನಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬರೀ ಎದೆಹಾಲು ಕುಡಿದ ಕೂಸುಗಳಿಗಿಂತ, ಅದರ ಜೊತೆಗೆ ಗಟ್ಟಿ ಆಹಾರವನ್ನೂ ತಿಂದ ಕೂಸುಗಳಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 11 ಪಟ್ಟು ಹೆಚ್ಚಿತ್ತು. ಹೊರಗಿನ ಆಹಾರ ಎಳೆಗರುಳಿನ ಒಳಪದರವನ್ನು ಕೆಡಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಆಗಿನ್ನೂ ಎಲ್ಲ ತಾಯಂದಿರಿಗೂ ಎಆರ್‌ಟಿ, ಅಂದ್ರೆ ಎಚ್‌ಐವಿ ಹತ್ತಿಕ್ಕುವ ಔಷಧಿ, ಸಿಗುತ್ತಿರಲಿಲ್ಲ ಅನ್ನೋದನ್ನು ನೆನಪಿಡಬೇಕು. ಈಗ ತಾಯಿ ಮಾತ್ರೆ ಬಿಡದೆ ತಗೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಇಳಿದಿದ್ದರೆ ಹಾಲಿನಿಂದ ತಗಲುವ ಅಪಾಯ ಶೇ 1ಕ್ಕಿಂತ ಕಡಿಮೆ. ಅದಕ್ಕೇ 2016ರಿಂದ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 12 ತಿಂಗಳು, ಬೇಕಾದರೆ 24 ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಹಾಲೂಡಿಸಿ ಅನ್ನುತ್ತಿದೆ. ನಡುವೆ ಬೇರೆ ಏನಾದರೂ ಕೊಟ್ಟುಬಿಟ್ಟಿದ್ದರೂ ಎದೆಹಾಲು ನಿಲ್ಲಿಸಬೇಡಿ ಅಂತಲೂ ಹೇಳಿದೆ. ಎಲ್ಲವೂ 'ಮಾತ್ರೆ ಬಿಡದೆ' ಅನ್ನುವ ಆ ಎರಡು ಪದದ ಮೇಲೆ ನಿಂತಿದೆ. ಆ ಎರಡು ಪದ ಊಟದ ಮೇಲೆ ನಿಂತಿವೆ.

"ಹಾಗಾದ್ರೆ ಪುಡಿ ಹಾಲು ಕೊಟ್ಟುಬಿಡಿ" ಅನ್ನುವವರು ಬೋಟ್ಸ್‌ವಾನಾ ನೆನಪಿಸಿಕೊಳ್ಳಿ. ಅಲ್ಲಿ ಸರ್ಕಾರವೇ ಎಚ್‌ಐವಿ ಇರುವ ತಾಯಂದಿರಿಗೆ ಪುಡಿ ಹಾಲು ಪುಕ್ಕಟೆ ಕೊಡುತ್ತಿತ್ತು. 2006ರ ಮೊದಲ ತಿಂಗಳುಗಳಲ್ಲಿ ಮಳೆ ಸುರಿದು ನೀರು ಕೆಟ್ಟಿತು, ಭೇದಿ ಹರಡಿತು. ಪುಟ್ಟ ಮಕ್ಕಳು ಸತ್ತವು. ಎದೆಹಾಲು ಕುಡಿಯದಿದ್ದದ್ದೇ ದೊಡ್ಡ ಅಪಾಯವಾಗಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ವೈರಸ್ಸಿನಿಂದ ತಪ್ಪಿಸಿದ ಕೂಸನ್ನು ಬಾಟಲಿ ತಿಂದುಹಾಕಿತು.

ಎಚ್‌ಐವಿ ತಗಲದೇ ಇದ್ದರೆ ಮಗು ಗೆದ್ದ ಹಾಗೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ವೈರಸ್ ತಗಲದ ಮಕ್ಕಳೂ, ತಾಯಿಗೆ ಎಚ್‌ಐವಿ ಇದ್ದರೆ, ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಕಾಯಿಲೆ ಬೀಳುತ್ತವೆ, ಬೆಳವಣಿಗೆಯಲ್ಲೂ ಹಿಂದೆ ಬೀಳುವುದುಂಟು. ತಗಲಿದ ಮಕ್ಕಳ ಕಥೆ ಬೇರೆಯೇ. ಚಿಕಿತ್ಸೆ ಸಿಗದಿದ್ದರೆ ಅವುಗಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತವೆ. ಅದಕ್ಕೇ ಆರು ವಾರಕ್ಕೆ ಹಿಮ್ಮಡಿ ಚುಚ್ಚಿ ಮೊದಲ ಟೆಸ್ಟ್. ಆ ದಿನ ಕೂಲಿ ಬಿಟ್ಟು ಬರಬೇಕು. ಕೂಲಿ ಬಿಟ್ಟರೆ ಸಂಜೆ ಒಲೆ ಹಚ್ಚುವ ಹಾಗಿಲ್ಲ. ಟೆಸ್ಟಿಗೆ ಬಾರದವರ ಪಟ್ಟಿಯಲ್ಲಿ ಇಂಥವರೇ ಎಷ್ಟೋ ಜನ.

"ಊಟ ಕೊಡೋದು ಆಸ್ಪತ್ರೆ ಕೆಲಸ ಅಲ್ಲ" ಅಂತ ಒಬ್ಬ ಹಿರಿಯರು ಮೀಟಿಂಗಿನಲ್ಲಿ ನನಗೆ ಹೇಳಿದ್ದರು. ಜಾಂಬಿಯಾದ ಲುಸಾಕಾದಲ್ಲಿ ಊಟಕ್ಕೆ ತೊಂದರೆಯಿದ್ದ ಎಚ್‌ಐವಿ ರೋಗಿಗಳಿಗೆ ಕೆಲವು ಕ್ಲಿನಿಕ್‌ಗಳಲ್ಲಿ ರೇಷನ್ ಕೊಟ್ಟು ನೋಡಿದರು, ಕೆಲವು ಕಡೆ ಕೊಡಲಿಲ್ಲ. 2008ರಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕವರಲ್ಲಿ ಶೇ 70 ಮಂದಿ ಔಷಧಿಯನ್ನು ಚೆನ್ನಾಗಿ ತಗೊಂಡಿದ್ದರು, ಸಿಗದವರಲ್ಲಿ ಶೇ 48. ಇಷ್ಟು ವ್ಯತ್ಯಾಸ ತರುವ ವಸ್ತುವನ್ನು ಔಷಧಿ ಅನ್ನದೆ ಇನ್ನೇನು ಅನ್ನೋಣ?

ಕೊಡುವುದರಲ್ಲೂ ಸೂಕ್ಷ್ಮ ಇದೆ. ಆ ಏಳು ಮಾತ್ರೆಯ ಹುಡುಗಿಗೆ ಹೇಗೋ ಒಂದು ತಿಂಗಳ ದಿನಸಿ ಹೊಂದಿಸಿದೆವು. ದೊಡ್ಡ ಚೀಲ ನೋಡಿದ್ದೇ ಅವಳು ಹಿಂದೆ ಸರಿದಳು. "ಇದು ಬೇಡ ಮೇಡಂ. ಎಲ್ಲಿಂದ ಬಂತು, ಯಾರು ಕೊಟ್ರು ಅಂತ ಅಕ್ಕಪಕ್ಕದವರು ಕೇಳ್ತಾರೆ. ಸಣ್ಣ ಸಣ್ಣ ಪೊಟ್ಟಣ ಮಾಡಿ ಕೊಡಿ, ಮಗು ಬಟ್ಟೆ ಜೊತೆ ಇಟ್ಕೊಂಡು ಹೋಗ್ತೀನಿ." ನಾವಿಬ್ಬರೂ ನೆಲದ ಮೇಲೆ ಕೂತು ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿದೆವು. ಅರ್ಧ ಮಾತ್ರ ಮಗುವಿನ ಬಟ್ಟೆ ಚೀಲಕ್ಕೆ ಹಿಡಿಸಿತು. ಉಳಿದದ್ದನ್ನು ಮುಂದಿನ ವಾರ ಬಂದು ಒಯ್ಯುತ್ತೇನೆ ಅಂದಳು.